ಹಾಡು ಹಾಕಿದ ವಿಡಿಯೋ

ಕಾರ್ಖಾನೆ ಕಾಲೋನಿ, ಕಿಸುಮು ಹತ್ತಿರ, ಕೀನ್ಯಾ
19 ಜನವರಿ 2025, ರವಿವಾರ

ಅತ್ತೆಯವರಿಗೆ ಪ್ರಾಚಿಯ ಜೈ ಜಿನೇಂದ್ರ.

ಮೊನ್ನೆ ಮನೆಯ ಗ್ರೂಪಿನಲ್ಲಿ ಮಾವನವರು ಕೇಳಿದ್ದಾರೆ: "ಪ್ರತಿ ರವಿವಾರ ತಿರಗೂದಂದ್ರ ಏನು? ದುಡ್ಯಾಕ ಹೋಗೀರೋ, ಊರ ನೋಡಾಕ ಹೋಗೀರೋ?" ನಿಮ್ಮ ಮಗ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನಾನು ಸುಮ್ಮನಿರುವವಳಲ್ಲ. ಆದರೆ ಗ್ರೂಪಿನಲ್ಲಿ ಬರೆದರೆ ತೇರದಾಳದಿಂದ ಜಮಖಂಡಿಯವರೆಗೆ ಬಳಗವೆಲ್ಲ ಓದುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕೇಳಿಸುವುದಿಲ್ಲ, ನಡುವೆ ಮಾವನವರೇ ನಿಮ್ಮ ಪರವಾಗಿ ಉತ್ತರ ಕೊಡುತ್ತಾರೆ. ಅದಕ್ಕೇ ಈ ಪತ್ರ. ಇಲ್ಲಿಯ ಫಿಟ್ಟರ್ ಹಣಮಪ್ಪಣ್ಣ ರಜೆಯ ಮೇಲೆ ತಮ್ಮೂರು ಸಮೀರವಾಡಿಗೆ ಹೊರಟಿದ್ದಾರೆ. ಮನೆಯಲ್ಲಿ ಕೊಡಬೇಡಿ, ಬನಹಟ್ಟಿಯ ಮಗ್ಗದ ಶೆಡ್ಡಿಗೇ ಹೋಗಿ ಅತ್ತೆಯವರ ಕೈಗೇ ಕೊಡಿ ಎಂದಿದ್ದೇನೆ.

ಯಾಕೆ ತಿರುಗುತ್ತೇವೆ ಎಂದರೆ, ಆರು ದಿನ ನಾನು ಈ ಕ್ವಾರ್ಟರ್ಸಿನ ಎರಡು ಖೋಲಿಯಲ್ಲಿ ಇರುತ್ತೇನೆ. ಕಾರ್ಖಾನೆಯ ಭೋಂಗಾ ಕೂಗಿದರೆ ಏಳುವುದು, ಮತ್ತೆ ಕೂಗಿದರೆ ಊಟಕ್ಕೆ ಬಡಿಸುವುದು. ಇವರು ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆ ಮಾಡಿ ಬಂದು ಅಂಗಿಗೆಲ್ಲ ಕಾಕಂಬಿಯ ವಾಸನೆ ಹೊತ್ತುಕೊಂಡು ಮಲಗುತ್ತಾರೆ. ಸಂತೆಯಲ್ಲಿ ಕೆಂಪು ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ಬಡಿದರೆ ಇಟ್ಟಂಗಿ ಬಣ್ಣ ಬರುತ್ತದೆ, ಮಡಚಿದರೆ ಮುರಿಯುತ್ತದೆ. ಸುಖ ಒಂದೇ. ಇಲ್ಲಿ ಸೂರ್ಯ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಳುಗುತ್ತಾನೆ, ಚಳಿಗಾಲದಲ್ಲಿ ನಮ್ಮಲ್ಲಿ ಆಗುವ ಹಾಗೆ ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂಬ ಗಡಿಬಿಡಿ ಇಲ್ಲ.

ಏಳನೆಯ ದಿನ ಸರೋವರ ನೋಡಲು ಹೋದರೆ ಯಾರ ಗಂಟು ಹೋಗುತ್ತದೆ? ಆಚೆ ದಂಡೆ ಕಾಣದಷ್ಟು ದೊಡ್ಡದು. ಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದು, ಗಾಳಿ ಬರುವ ದಿಕ್ಕಿಗೆ ಕೂತು ಬುತ್ತಿ ಬಿಚ್ಚಿದೆವು. ದೂರದಲ್ಲಿ ನೀರಾನೆಗಳು ಬರೀ ಕಿವಿ ಮೇಲೆ ಮಾಡಿಕೊಂಡು ಮುಳುಗಿದ್ದವು. ನಾವಿಬ್ಬರೂ ಬಹಳ ಹೊತ್ತು ಕೂತಿದ್ದೆವು. ನನಗೆ ಈಗ ನಮ್ಮ ಕಾರು ಓಡಿಸಲು ಬರುತ್ತದೆ, ಲೈಸೆನ್ಸೂ ಆಗಿದೆ. ಇವರೇ ಕಲಿಸಿದರು. ಗ್ರೂಪಿನಲ್ಲಿ ವಿಡಿಯೋ ಹಾಕಿದ್ದೇನೆ, ಅದಕ್ಕೊಂದು ಹಾಡನ್ನೂ ಜೋಡಿಸಿದ್ದೇನೆ.

ಕಿವಿಗೆ ಡಾಕ್ಟರರು ಏನೆಂದರು?

ನಿಮ್ಮ
ಪ್ರಾಚಿ

*

ಬಂಡು ಚೌಗಲೆ ಮಗ್ಗದ ಶೆಡ್ಡು, ಬನಹಟ್ಟಿ
10 ಫೆಬ್ರುವರಿ 2025

ಪ್ರಾಚಿಗೆ ಆಶೀರ್ವಾದ.

ಹಣಮಪ್ಪ ಶೆಡ್ಡಿಗೆ ಬಂದು ಪತ್ರ ಕೊಟ್ಟ, ಚಹಾಪುಡಿ ಕೊಟ್ಟ. ಈಗ ಕರೆಂಟ್ ಹೋಗಿದೆ, ಮಗ್ಗ ನಿಂತಿವೆ, ಕೂತು ಬರೆಯುತ್ತಿದ್ದೇನೆ. ನಾನು ಸಾಲಿಯಲ್ಲಿ ಕಲಿತ ಹಾಗೆ ಬರೆಯುವವಳು. ಸಿಟ್ಟು ಬಂದರೆ ಮಾತ್ರ ಬಾಯಿಮಾತು ಪೆನ್ನಿಗೆ ಬಂದುಬಿಡುತ್ತದೆ, ಸಹಿಸಿಕೋ.

ಡಾಕ್ಟರು ಏನನ್ನುತ್ತಾನೆ? ಹೋದದ್ದು ಹೋಯಿತು ಅಂದ. ಮದುವೆಯಾಗಿ ಬಂದ ವಾರಕ್ಕೇ ಮಗ್ಗದ ಮುಂದೆ ನಿಂತವಳು ನಾನು. ಲಾಳಿ ಹೊಡೆತಕ್ಕೆ ಕಿವಿ ಉಳಿಯುತ್ತವೆಯೇ? ಕಿವಿಯ ಮಷೀನು ಹಾಕಿಸಿಕೊಂಡರೆ ಶೆಡ್ಡಿನ ಗದ್ದಲ ತಲೆಯೊಳಗೇ ಬಂದು ಕೂಡುತ್ತದೆ, ಡಬ್ಬಿಯಲ್ಲಿ ಇಟ್ಟಿದ್ದೇನೆ. ನನಗೇನೂ ಅಡಚಣೆ ಇಲ್ಲ. ಶೆಡ್ಡಿನಲ್ಲಿ ಯಾರಿಗೆ ಯಾರ ಮಾತು ಕೇಳಿಸಿದೆ? ಎಲ್ಲರೂ ಬಾಯಿ ನೋಡಿಯೇ ಮಾತು ತಿಳಿಯುವವರು. ನಮ್ಮ ಹಾಲವ್ವ ಆ ತುದಿಯ ಮಗ್ಗದಲ್ಲಿ ನಿಂತು ತನ್ನ ಸೊಸೆಯನ್ನು ಬೈದರೆ ಈ ತುದಿಯಲ್ಲಿ ನಾನು ನಗುತ್ತೇನೆ. ಹೊರಗಿನವರು ಬಂದರೆ ಇವರಿಗೇನು ಹುಚ್ಚೇ ಎಂದು ನೋಡುತ್ತಾರೆ.

ನನ್ನ ಫೋನನ್ನು ನಿಮ್ಮ ಮಾವ ನಿನ್ನ ನಾದಿನಿ ಸಿದ್ಧಿಗೆ ಕೊಟ್ಟರು. "ಕಿವಿ ಕೇಳಲಾರದಾಕಿಗೆ ಫೋನ್ ಎದಕ?" ಅಂದರು. ಆಕೆ ಜಮಖಂಡಿ ಕಾಲೇಜಿಗೆ ಒಯ್ಯುತ್ತಾಳೆ. ನಿನ್ನ ವಿಡಿಯೋಗಳನ್ನು ನಾನು ನಿಮ್ಮ ಮಾವ ಮಧ್ಯಾಹ್ನ ಒರಗಿದಾಗ ಅವರ ಫೋನಿನಲ್ಲಿ ನೋಡುತ್ತೇನೆ. ಹಾಡು ಛಲೋ ಇದೆ ಅಂತ ಎಲ್ಲರೂ ಅಂದರು. ನನಗೆ ಹಾಡಿನ ಗೊಡವೆ ಇಲ್ಲ. ನೀರಾನೆ ನೋಡಿದೆ. ನಮ್ಮ ಓಣಿಯ ಎಮ್ಮೆ ಕೆರೆಗೆ ಇಳಿದ ಹಾಗೇ ಇದೆ.

ಒಂದು ಕೇಳುತ್ತೇನೆ. ಎಲ್ಲ ವಿಡಿಯೋದಲ್ಲೂ ನೀನೇ ಇರುತ್ತಿ, ನನ್ನ ಮಗ ಸಿದ್ಧಾಂತ ಎಲ್ಲಿ?

ಕೆಂಪು ಹಿಟ್ಟಿಗೆ ಕುದಿಯುವ ನೀರು ಹೊಯ್ದು ಮುಚ್ಚಿಡು, ಆಮೇಲೆ ನಾದು. ಮುರಿಯುವುದಿಲ್ಲ. ತಿರುಗುವುದನ್ನು ಬಿಡಬೇಡ. ನನಗೂ ಒಮ್ಮೆ ಗಲಗಲಿಗೆ ಹೋಗಿ ಕೃಷ್ಣಾ ನದಿಯ ದಂಡೆಯಲ್ಲಿ ಕೂಡಬೇಕೆಂದು ಆಸೆ ಇತ್ತು. "ಮಗ್ಗ ನಿಂತ ದಿನ ಹೋಗೂಣು" ಅನ್ನುತ್ತಲೇ ಬಂದರು ನಿಮ್ಮ ಮಾವ. ಮಗ್ಗ ಇಡೀ ಒಂದು ದಿನ ಎಂದೂ ನಿಲ್ಲಲಿಲ್ಲ.

ಕರೆಂಟ್ ಬಂತು.

ಸುಮನ

*

2 ಮಾರ್ಚ್ 2025, ರವಿವಾರ
ಕಿಸುಮು ಹತ್ತಿರ

ಅತ್ತೆಯವರೇ,

ರೊಟ್ಟಿ ಮುರಿಯಲಿಲ್ಲ. ಎರಡು ಮಡಿಕೆ ಮಡಚಿ ಡಬ್ಬಿಗೆ ಹಾಕಿದೆ. ಪಕ್ಕದ ಕ್ವಾರ್ಟರ್ಸಿನ ರಾಜೇಶ್ವರಿ ಅಕ್ಕ ನೋಡಿ, ತಾವೂ ಕುದಿಯುವ ನೀರೇ ಹೊಯ್ಯಲು ಶುರು ಮಾಡಿದ್ದಾರೆ. ಮುಧೋಳದವರು, ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ವೀರೇಶ ಅವರ ಹೆಂಡತಿ. ಮಾತು ಜೋರು, ಮನಸ್ಸು ಛಲೋ.

ನಿಮ್ಮ ಮಗ ವಿಡಿಯೋದಲ್ಲಿ ಕಾಣುವುದಿಲ್ಲ, ಯಾಕೆಂದರೆ ಮೊಬೈಲು ಹಿಡಿದವರೇ ಅವರು. ಈ ವಾರ ಭೂಮಧ್ಯರೇಖೆಯ ಫಲಕದ ಹತ್ತಿರ ಹೋಗಿದ್ದೆವು. ಈ ಕಾಲು ಉತ್ತರದಲ್ಲಿ, ಆ ಕಾಲು ದಕ್ಷಿಣದಲ್ಲಿ ಇಟ್ಟು ನಿಂತೆ. ಇದೇ ಭೂಮಿಯ ನಡುಗೆರೆ ಎಂದು ಒಬ್ಬ ಹುಡುಗ ಸಾರಿ ಸಾರಿ ಹೇಳಿದ. ನಮ್ಮ ರಬಕವಿ–ಬನಹಟ್ಟಿ ನಡುವೆ ಎಲ್ಲಿ ಯಾವ ಊರು ಮುಗಿಯುತ್ತದೆಂದು ಹೇಳಲಾಗುವುದಿಲ್ಲ, ಇಲ್ಲಿ ಇಡೀ ಭೂಮಿಯನ್ನು ಬಣ್ಣ ಹಚ್ಚಿ ಪಾಲು ಮಾಡಿದ್ದಾರೆ.

ಈಗ ಕಾರಿನಲ್ಲಿ ಕಾಲೋನಿಯ ಹೆಂಗಸರೂ ಬರುತ್ತಾರೆ. ಎಷ್ಟೋ ಜನ ಬಂದು ವರ್ಷಗಳಾದರೂ ಸರೋವರ ನೋಡಿರಲಿಲ್ಲ, ನಂಬುತ್ತೀರಾ? ಗಂಡಂದಿರಿಗೆ ರವಿವಾರ ನಿದ್ದೆ ಬೇಕು. ಮೊನ್ನೆ ಮ್ಯಾನೇಜರ್ ಸಾಹೇಬರು ಇವರಿಗೆ, "ನಿಮ್ಮ ಮನೆಯಲ್ಲಿ ಡ್ರೈವರ್ ಸಿಕ್ಕಿದ್ದಾರಂತೆ" ಎಂದು ತಮಾಷೆ ಮಾಡಿದರಂತೆ. ಮನೆಗೆ ಬಂದು ಮುಖ ಗಂಟು ಹಾಕಿ ಕೂತರು. ಹಾಗಾದರೆ ಪಗಾರ ಕೊಡಲು ಹೇಳಿ ಎಂದೆ. ನಗಲಿಲ್ಲ.

ಇರಲಿ. ಎಲ್ಲ ಆರಾಮ ಇದೆ.

ಪ್ರಾಚಿ

*

ಬನಹಟ್ಟಿ, ಶೆಡ್ಡು
20 ಮಾರ್ಚ್ 2025

ಪ್ರಾಚಿ,

ಫಲಕದ ವಿಡಿಯೋ ನೋಡಿದೆ. ಮೊಬೈಲು ಹಿಡಿದವರ ನೆರಳು ನಿನ್ನ ಕಾಲ ಹತ್ತಿರ ಬಿದ್ದಿದೆ. ಆ ನೆರಳಿಗೆ ಸೆರಗು ಇದೆ, ಗಾಳಿಗೆ ಹಾರುತ್ತಿದೆ. ನನ್ನ ಮಗ ಸೀರೆ ಉಡಾಕ ಯಾವಾಗ ಚಾಲೂ ಮಾಡ್ಯಾನ?

ಸುಳ್ಳು ಬರೆಯಬೇಡ. ನಾನು ಬೈಯುವುದಿಲ್ಲ. ನನ್ನ ಹತ್ತಿರ ಸುಳ್ಳು ಹೇಳಿ ಯಾರ ಮಾನ ಕಾಯುತ್ತಿ? ಅವನದೇ? ಅವನ ಮಾನ ನಾನು ಹೆತ್ತಾಗಿನಿಂದ ನೋಡಿದ್ದೇನೆ.

ಇಲ್ಲಿ ಏನೋ ನಡೆದಿದೆ. ನಿಮ್ಮ ಮಾವ ಫೋನ್ ಬಂದರೆ ಬಾಯಿಗೆ ಟವೆಲ್ ಹಿಡಿದು ಮಾತಾಡುತ್ತಾರೆ, ಅದೂ ನಾನು ಎದುರಿಗೆ ಇದ್ದಾಗ ಮಾತ್ರ. ಶೆಡ್ಡಿನ ಮಾಲಕರಲ್ಲವೇ, ಬಾಯಿ ತೋರಿಸಿದರೆ ಕೆಟ್ಟೆ ಎಂದು ಅವರಿಗೆ ಗೊತ್ತು. ಹೋಳಿಯಿಂದ ಈಚೆಗೆ ಹೀಗೇ. ಸಿದ್ಧಿಯನ್ನು ಕೇಳಿದರೆ, ನನಗೇನೂ ಗೊತ್ತಿಲ್ಲಬೇ ಅನ್ನುತ್ತಾಳೆ.

ಉಳಿದದ್ದು ನೀನು ಖರೆ ಬರೆದ ಮೇಲೆ.

ಸುಮನ

*

13 ಏಪ್ರಿಲ್ 2025, ರವಿವಾರ
ಕಾಲೋನಿ

ಅತ್ತೆಯವರಿಗೆ,

ಸೆರಗಿನ ಪತ್ರ ಬಂತು. ಎರಡು ವಾರದ ಹಿಂದೆ ಬಂದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಈಗ ನಗು ಬರಲಿಲ್ಲ.

ಖರೆ ಕೇಳಿದಿರಿ, ಬರೆಯುತ್ತೇನೆ. ನಿಮ್ಮ ಮಗ ನನ್ನ ಜೊತೆ ಎಲ್ಲಿಗೂ ಬರುವುದಿಲ್ಲ. ಕಾರು ಕಲಿಸಿದ್ದು ರಾಜೇಶ್ವರಿ ಅಕ್ಕ. ಮೊಬೈಲು ಹಿಡಿಯುವವರೂ ಅವರೇ. ಗಂಡ ಹೆಂಡತಿ ಕೂಡಿ ತಿರುಗುತ್ತಾರೆಂದು ನೀವಾದರೂ ಸಂತೋಷಪಡಲಿ ಎಂದು "ನಾವಿಬ್ಬರೂ" ಎಂದು ಬರೆದೆ. ಹೋದ ತಿಂಗಳ ಕೊನೆಯ ರವಿವಾರ ಮೊದಲ ಸಲ ಅವರಾಗಿಯೇ ಬರುತ್ತೇನೆಂದರು. ನಾನು ಹೋಳಿಗೆ ಮಾಡಿಕೊಂಡು ಹೋದೆ. ದಂಡೆಗೆ ಇಳಿಯಲಿಲ್ಲ, ಕಾರಿಗೆ ಒರಗಿ ಫೋನಿನಲ್ಲಿ ಮಾತಾಡುತ್ತ ನಿಂತರು. ಆದರೂ ಬಂದರಲ್ಲ ಎಂದು ದೂರದಿಂದಲೇ ಝೂಮ್ ಮಾಡಿ ಅವರ ವಿಡಿಯೋ ತೆಗೆದು, ಹಾಡು ಹಾಕಿ, ಗ್ರೂಪಿನಲ್ಲಿ ಬಿಟ್ಟೆ.

ಮರುದಿನ ಮಾವನವರ ಫೋನು ಬಂತು. "ನಿಮ್ಮತ್ತಿ ಶೆಡ್ಡಿನ್ಯಾಗ ಬಿದ್ದಾಳ. ಕಿವಿ ಪೂರಾ ಹೋಗ್ಯಾವ, ಹಾಲು ಉಕ್ಕಿದ್ದೂ ಗೊತ್ತಾಗೂದಿಲ್ಲ. ಪ್ರಾಚಿನ್ನ ಕರಸ್ರಿ ಅಂತ ದಿನಾ ಅಳ್ತಾಳ. ಬಂದು ಮನಿ ಹಿಡಿ" ಎಂದರು. ಅತ್ತೆಯವರಿಗೆ ಫೋನು ಕೊಡಿ, ಮುಖ ನೋಡುತ್ತೇನೆ ಎಂದೆ. ಮಲಗಿದ್ದಾರೆ ಎಂದರು. ಮೇ ಇಪ್ಪತ್ತೈದಕ್ಕೆ ಟಿಕೆಟ್ ಆಗಿದೆ. ಹೋಗುವ ಟಿಕೆಟ್ ಮಾತ್ರ, ತಿರುಗಿ ಬರುವುದು ಇಲ್ಲ. ಕಾರಿನ ಕೀಲಿ ಈಗ ಇವರ ಕಿಸೆಯಲ್ಲಿದೆ.

ನಿಮ್ಮ ಸೇವೆ ಮಾಡಲು ನನಗೆ ಬೇಸರವಿಲ್ಲ. ಸಿಟ್ಟು ಬಂದದ್ದು ಬೇರೆಯದಕ್ಕೆ. ತಿರುಗುವುದನ್ನು ಬಿಡಬೇಡ ಎಂದು ನನಗೆ ಬರೆದವರು, ಬಿದ್ದದ್ದನ್ನು ಬರೆಯಲಿಲ್ಲ. ಬಾ ಎಂದು ನನಗೇ ನೇರವಾಗಿ ಬರೆಯಬಹುದಿತ್ತು. ಮಾವನವರ ಬಾಯಿಂದ ಯಾಕೆ ಹೇಳಿಸಿದಿರಿ? ನಾನು ನಿಮ್ಮನ್ನು ನನ್ನ ಕಡೆಯವರೆಂದು ತಿಳಿದಿದ್ದೆ.

ಬರುತ್ತೇನೆ. ಆದರೆ ಸಂತೋಷದಿಂದ ಬರುತ್ತಿದ್ದೇನೆ ಎಂದು ಯಾರಿಗೂ ಹೇಳಬೇಡಿ.

ಪ್ರಾಚಿ

*

ಬನಹಟ್ಟಿ
26 ಏಪ್ರಿಲ್ 2025

ಪ್ರಾಚಿ, ಕೊರಿಯರ್‌ನವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿರುತ್ತವೆ, ಓದಿಕೋ.

ನಾನು ಬಿದ್ದಿಲ್ಲ. ನಾನು ಅತ್ತಿಲ್ಲ. ನಿನ್ನ ಕರೆಸಿರಿ ಎಂದು ಯಾರ ಮುಂದೆಯೂ ಅಂದಿಲ್ಲ. ಈ ವಾರವೂ ನಾಲ್ಕು ಮಗ್ಗ ನೋಡಿಕೊಂಡಿದ್ದೇನೆ. ಹಾಲು ಉಕ್ಕಿದರೆ ವಾಸನೆ ಬರೂದಿಲ್ಲೇನು, ಮೂಗು ಎಲ್ಲಿಗೆ ಹೋಗೈತಿ?

ನಿನ್ನ ಪತ್ರ ಓದಿದೆ. ನಿಮ್ಮ ಮಾವ ಒರಗಿದ ಮೇಲೆ ಅವರ ಫೋನ್ ತೆಗೆದು ಆ ವಿಡಿಯೋ ಹುಡುಕಿದೆ. ಸಿದ್ಧಾಂತ ಕಾರಿಗೆ ಒರಗಿ ಮಾತಾಡಾಕತ್ತಾನ. ಮುಖ ನಿನ್ನ ಕಡೆಗೇ ಐತಿ, ಬಿಸಿಲು ಬಿದ್ದೈತಿ, ಬಾಯಿ ಸ್ವಚ್ಛ ಕಾಣತೈತಿ. ಅದರ ಮ್ಯಾಲೆ ನೀ ಹಾಡು ಹಾಕೀದಿ. ಉಳಿದ ಮಂದಿ ಎಲ್ಲಾ ಹಾಡು ಕೇಳಿದ್ರು. ನಾ ಒಬ್ಬಾಕಿನ ಮಾತು ಓದಿದೆ.

ಏನಂದ ಗೊತ್ತೇನು? "ಅಪ್ಪಾ, ನಾ ಅಂದ್ರ ಜಗಳ ಆಕ್ಕೈತಿ, ನೀನ ಹೇಳು. ಅವ್ವನ ಕಿವಿ ಹೋಗ್ಯಾವ ಅನ್ನು. ಅವ್ವನ ಸಲುವಾಗಿ ಅಂದ್ರ ಆಕಿ ಒಲ್ಲೆ ಅನ್ನೂದಿಲ್ಲ. ಒಮ್ಮೆ ಮನಿ ಸೇರಿದ್ಲಂದ್ರ ಈ ಗಾಡಿ, ತಿರುಗಾಟ ಎಲ್ಲಾ ತಾನ ನಿಂತು ಹೋಗತಾವ."

ನನಗ ನಂಬಿಕಿ ಬರಲಿಲ್ಲ. ನನ್ನ ಕಣ್ಣೇ ತಪ್ಪಿರಬೇಕು ಅಂದು ಫೋನ್ ಶೆಡ್ಡಿಗೆ ಒಯ್ದು ಹಾಲವ್ವಗ ತೋರಿಸಿದೆ. ಏನೂ ಹೇಳದ ಬರೇ ನೋಡು ಅಂದೆ. ಆಕಿ ನೋಡಿ, ಪದಕ್ಕ ಪದ ಅದನ್ನ ಅಂದ್ಲು. ಅಂದು, "ನಿಮ್ಮ ಹುಡುಗ ಈ ಶೆಡ್ಡಿನ್ಯಾಗ ನೂಲಿನ ಕಂಡಿಕಿ ಆಡ್ಕೋತ ಬೆಳದಾಂವ, ಇಷ್ಟು ಮರತಾನೇನ್ರಿ ಅಕ್ಕಾರ" ಅಂದ್ಲು. ಅಪ್ಪಗ ನೆನಪ ಐತಿ, ಟವೆಲ್ ಹಿಡೀತಾನ. ಮಗ ಮರತಾನ.

ನನ್ನ ಕಿವಿ ಹೋದದ್ದಕ್ಕ ನನಗ ಎಂದೂ ನಾಚಿಕಿ ಆಗಿರಲಿಲ್ಲ. ಅವನ ಸಾಲಿ ಫೀ ಕಟ್ಟಿದ ಕಿವಿ ಅವು. ಅದನ್ನ ಮುಂದ ಮಾಡಿ ಒಬ್ಬ ಹೆಣ್ಮಗಳನ್ನ ಕಟ್ಟಿ ಹಾಕಾಕ ಹೊಂಟಾರಲ್ಲ, ಅದು ನನ್ನ ಎದಿಗೆ ಬಡೀತು.

ಅವತ್ತೇ ಸಂಜೆ, ಹೊತ್ತು ಮುಳುಗುವ ಮೊದಲು, ಎಲ್ಲರೂ ತಾಟಿನ ಮುಂದೆ ಕೂತಾಗ ಕೇಳಿದೆ. ನಿಮ್ಮ ಮಾವ ಟವೆಲ್ ಬಾಯಿಗೆ ಒಯ್ದರು. ನಾನು ಟವೆಲ್ ಹಿಡಿದು ಜಗ್ಗಿದೆ. ಮದುವೆಯಾದಾಗಿನಿಂದ ಅವರ ಮೈಮೇಲಿನ ಅರಿವೆ ಹಿಡಿದು ಜಗ್ಗಿದವಳಲ್ಲ ನಾನು. "ಕಿವಿ ನಂದು. ಅದರ ಹೆಸರ್ಲೆ ಯಾರನ್ನರೆ ಕರೆಯೂದಿದ್ರ ನಾ ಕರೀತೀನಿ, ನೀವಲ್ಲ" ಅಂದೆ. ಅವರು ಅಂದರು, "ಹುಡುಗ ಬ್ಯಾಸರ ಮಾಡ್ಕೊಂಡಾನ, ಮಂದಿ ನಗತಾರಂತ." ನಗಲಿ ಅಂದೆ. ಸಿದ್ಧಿ ಎದ್ದು ಹೋಗಿ ನನ್ನ ಫೋನ್ ತಂದು ನನ್ನ ತಾಟಿನ ಬಾಜೂಕ್ಕ ಇಟ್ಟಳು. ಯಾರೂ ಹೇಳಿರಲಿಲ್ಲ. ನಂಬರ್ ಅದೇ ಹಳೆಯದು.

ಬರಬೇಡ. ನನ್ನನ್ನು ನೋಡಬೇಕು ಅನ್ನಿಸಿದ ದಿನ ಬಾ, ತಿರುಗಿ ಹೋಗುವ ಟಿಕೆಟ್ ಕೈಯಲ್ಲಿ ಹಿಡಿದು ಬಾ. ಮೇ ಹದಿನೆಂಟರ ರವಿವಾರ ಸರೋವರದ ದಂಡೆಯಿಂದ ನನಗೆ ವಿಡಿಯೋ ಕಾಲ್ ಮಾಡು. ಹಾಡು ಬೇಡ. ಬೆಳಕಿಗೆ ಮುಖ ಮಾಡಿ ನಿಲ್ಲು.

ಸುಮನ

*

11 ಮೇ 2025, ರವಿವಾರ
ಕಾಲೋನಿ

ಅತ್ತೆಯವರೇ,

ನಿಮ್ಮ ನಂಬರಿಗೆ ಮೆಸೇಜು ಮಾಡಬಹುದಿತ್ತು. ಇಷ್ಟೆಲ್ಲವನ್ನು ಹೆಬ್ಬೆರಳಿನಿಂದ ಒತ್ತಿ ಹೇಳಲು ನನ್ನಿಂದ ಆಗಲಿಲ್ಲ.

ಮೊದಲು ಆ ಏಪ್ರಿಲ್ ಪತ್ರವನ್ನು ಹರಿದು ಹಾಕಿ. ನಿಮ್ಮನ್ನು ಹಾಗೆ ತಿಳಿದೆನಲ್ಲ ಎಂದು ನೆನೆದರೆ ಮುಖ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಪತ್ರ ಬಂದಾಗ ಇವರು ಚಹಾ ಕುಡಿಯುತ್ತಿದ್ದರು. ನೀವು ಬರೆದ ಅವರ ಮಾತನ್ನು ಅವರಿಗೇ ಗಟ್ಟಿಯಾಗಿ ಓದಿದೆ. ಮೊದಲು, "ಸುಳ್ಳು, ನಾ ಅಂದಿಲ್ಲ" ಎಂದರು. ಆಮೇಲೆ, "ಅವ್ವಗ ಕೇಳಸೂದಿಲ್ಲ, ಆಕಿಗೆ ಹೆಂಗ ಗೊತ್ತಾತು?" ಎಂದರು. ಇನ್ನು ನಾನು ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಹಾಲವ್ವನಿಗೂ ಗೊತ್ತಾಗಿದೆ ಎಂದೆ. ಚಹಾದ ಬಟ್ಟಲು ಕೆಳಗಿಟ್ಟರು.

ನಾನು ಅಳಲಿಲ್ಲ. ಅಂಗೈ ಮುಂದೆ ಮಾಡಿ ಕೀಲಿ ಕೇಳಿದೆ. ಬಹಳ ಹೊತ್ತು ನನ್ನ ಕೈ ಹಾಗೇ ಇತ್ತು, ತೆಗೆಯಲಿಲ್ಲ ನಾನು. ಕೊನೆಗೆ ಕಿಸೆಯಿಂದ ತೆಗೆದು ಇಟ್ಟರು. ಮರುದಿನ ಟಿಕೆಟ್ ಏಜೆಂಟನ ಅಂಗಡಿಗೆ ಅದೇ ಕಾರು ಹೊಡೆದುಕೊಂಡು ಹೋಗಿ ರದ್ದು ಮಾಡಿಸಿದೆ. ರಾಜೇಶ್ವರಿ ಅಕ್ಕ ಪಕ್ಕದಲ್ಲಿ ಕೂತಿದ್ದರು. "ಎಲ್ಲಿಗ್ರಿ ಮೇಡಂ, ಊರಿಗೆ ಹೋಗೂದಿಲ್ಲೇನು?" ಎಂದು ತಮಾಷೆ ಮಾಡಿದರು. ಹೋಗುತ್ತೇನೆ, ನನ್ನ ಮನಸ್ಸಿಗೆ ಬಂದಾಗ, ಎಂದೆ.

ಇವರು ನಾಲ್ಕು ದಿನ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ರೊಟ್ಟಿ ಮಾತ್ರ ಬಡಿದು ಹಾಕಿದೆ. ನಿನ್ನೆ, "ಮ್ಯಾನೇಜರ್ ನಕ್ಕದ್ದು ನಿನಗೆ ತಿಳಿಯುವುದಿಲ್ಲ" ಎಂದರು. ಆ ಮ್ಯಾನೇಜರರ ಹೆಂಡತಿ ಬರುವ ರವಿವಾರ ನನ್ನ ಕಾರಿನಲ್ಲಿ ಬರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ ಎಂದೆ. ಅದು ಖರೆಯೂ ಹೌದು.

ಹದಿನೆಂಟಕ್ಕೆ ಬೆಳಕಿಗೆ ಮುಖ ಮಾಡಿ ನಿಂತಿರುತ್ತೇನೆ.

ನಿಮ್ಮ
ಪ್ರಾಚಿ

*

ಬನಹಟ್ಟಿ
19 ಮೇ 2025

ಪ್ರಾಚಿಗೆ ಆಶೀರ್ವಾದ.

ನಿನ್ನ ಪತ್ರ ಇನ್ನೂ ಬಂದಿಲ್ಲ. ನಿನ್ನೆ ಮುಖಾಮುಖಿ ಮಾತಾಡಿದೆವು, ಆದರೂ ಇದನ್ನು ಬರೆಯುತ್ತಿದ್ದೇನೆ. ಸಿದ್ಧಾಂತನೂ ನಿನ್ನ ಜೊತೆ ಬಂದು ಅಲ್ಲೇ ಸುಳಿದಾಡುತ್ತಿದ್ದ, ನಿನಗೊಬ್ಬಳಿಗೇ ಹೇಳುವಂಥದ್ದು ಇತ್ತು.

ನನ್ನ ಹಿಂದೆ ಕಂಡದ್ದು ಯಾವ ಹೊಳೆ ಎಂದು ನೀನು ಕೇಳಿದೆಯಲ್ಲ, ನಾನು ನಕ್ಕು ಸುಮ್ಮನಾದೆ. ಅದು ಕೃಷ್ಣಾ. ಬೆಳಿಗ್ಗೆ ನಾನೂ ಹಾಲವ್ವನೂ ಬಸ್ಸು ಹತ್ತಿ, ಜಮಖಂಡಿಯಲ್ಲಿ ಇಳಿದು ಇನ್ನೊಂದು ಹತ್ತಿ, ಗಲಗಲಿಗೆ ಹೋದೆವು. ಮಗ್ಗ ನಡೆದೇ ಇದ್ದವು, ನಡೆಯಲಿ ಎಂದು ಬಿಟ್ಟು ಬಂದೆ. ನಿಮ್ಮ ಮಾವ ಬಾಗಿಲಲ್ಲಿ ನಿಂತು, "ಯಾರನ್ನ ಕೇಳಿ ಹೊಂಟಿ?" ಎಂದರು. ಟವೆಲ್ ಇರಲಿಲ್ಲ ಬಾಯಿಗೆ. ನನಗೆ ಕೇಳಿಸಲಿಲ್ಲ ಎಂದು ಹೇಳಿ ಹೊರಬಿದ್ದೆ. ಹಾಲವ್ವ ಬಸ್ಸಿನಲ್ಲಿ ಅದನ್ನೇ ನೆನೆದು ನೆನೆದು ನಕ್ಕಳು.

ಬೇಸಿಗೆ, ನೀರು ಇಳಿದಿದೆ. ನಿನ್ನ ಸರೋವರದಷ್ಟು ದೊಡ್ಡದಲ್ಲ, ಆಚೆ ದಂಡೆ ಕಾಣುತ್ತದೆ. ಆದರೂ ಕೂತಿದ್ದೆವು. ಬುತ್ತಿ ಬಿಚ್ಚಿ ಉಂಡೆವು. ಬಹಳ ಛಲೋ ಅನ್ನಿಸಿತು ನನಗೆ, ಯಾಕೆ ಇಷ್ಟು ವರ್ಷ ಬರಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಈಗ ಹೇಳಬೇಕಾದದ್ದು. ನಿನ್ನ ಕೈಯಿಂದ ಫೋನ್ ಇಸಿದುಕೊಂಡು ಸಿದ್ಧಾಂತ ದೋಣಿಗಳ ಕಡೆ ಹೋದನಲ್ಲ, ನೀನು ಆ ಹೆಂಗಸರ ಜೊತೆ ಹಿಂದೆಯೇ ಉಳಿದೆ. ನನ್ನ ಮುಖ ಕಂಡ ಕೂಡಲೇ ಅಪ್ಪನ ಹಾಗೆಯೇ ಬಾಯಿಗೆ ಕೈ ಅಡ್ಡ ಹಿಡಿದ. ಕೈ ತಗಿಲೇ ಅಂದೆ. ತೆಗೆದ. ಮಾತಾಡಿದ. ಹಾಲವ್ವನ ಕಿವಿ ಇನ್ನೂ ಸ್ವಲ್ಪ ಇವೆ, ಫೋನಿನಿಂದ ಒಂದು ಸದ್ದೂ ಬರಲಿಲ್ಲ ಅಂದಳು. ಬರೇ ತುಟಿ ಆಡಿಸಿದ. ನೀನು ಹಿಂದೆ ನಿಂತು ಕೇಳಿಸಿಕೊಂಡೀ ಎಂದು ಹಾಗೆ ಮಾಡಿದ. ಶೆಡ್ಡಿನ ವಿದ್ಯೆ ಅವನಿಗೂ ನೆನಪಾಗಿತ್ತು.

"ತಪ್ಪಾತಬೇ, ಅವ್ವಾ" ಅಂದ.

ನನಗೆ ಕರುಳು ಚುರ್ ಎಂದಿತು, ಇಲ್ಲ ಅನ್ನುವುದಿಲ್ಲ. ಹೆತ್ತವಳು. ಆದರೆ ನಾನು ಅವನಿಗೆ ಹೂಂ ಅನ್ನಲಿಲ್ಲ. ತಪ್ಪು ನನಗೆ ಒಬ್ಬಳಿಗೆ ಮಾಡಿದ್ದಲ್ಲ. ನಿನ್ನ ಕಡೆ ಮುಖ ಮಾಡಿ, ಬಾಯಿ ತೆರೆದು, ಸದ್ದು ಮಾಡಿ ಅನ್ನಲಿ. ನಿನಗೆ ಕಿವಿ ಇವೆ.

ಅಲ್ಲೀ ತನಕ ಗಾಡಿ ಕೀಲಿ ನಿನ್ನ ಹಂತೇಕನ ಇರಲಿ.

ಸುಮನ